‘ಇಫ್’ ಉಪವಾಕ್ಯದ ಭೂತಕಾಲ: ಇಂಗ್ಲಿಷ್ ಷರತ್ತುವಾಕ್ಯಗಳ ವರ್ಗೀಕರಣದ ಚರಿತ್ರೆ

1. ಪ್ರಸ್ತಾವನೆ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳ ಮರುಮೌಲ್ಯಮಾಪನದಲ್ಲಿ ತೊಡಗಿದ್ದಾಗ ಒಂದು ವಾಕ್ಯದ ಮುಂದೆ ನಿಲ್ಲಬೇಕಾಯಿತು. ವಿದ್ಯಾರ್ಥಿ ಬರೆದಿದ್ದ ವಾಕ್ಯ ಇದು: ‘ಇಫ್ ಇಟ್ ರೇನ್ಡ್ ಲಾಸ್ಟ್ ನೈಟ್, ದ ರೋಡ್ ವಿಲ್ ಬಿ ವೆಟ್’. ಮೊದಲ ಮೌಲ್ಯಮಾಪಕರು ‘ವಿಲ್’ ಪದದ ಕೆಳಗೆ ಕೆಂಪು ಗೆರೆ ಎಳೆದು, ‘ವುಡ್’ ಎಂದು ತಿದ್ದಿ, ಅಂಕ ಕಳೆದಿದ್ದರು. ವಿದ್ಯಾರ್ಥಿಯ ವಾಕ್ಯದಲ್ಲಿ ದೋಷವೇನೂ ಇರಲಿಲ್ಲ. ರಾತ್ರಿ ಮಳೆಯಾಯಿತೋ ಇಲ್ಲವೋ ತಿಳಿಯದ ವ್ಯಕ್ತಿ ಬೆಳಗ್ಗೆ ಹೇಳಬಹುದಾದ ಸಹಜವಾದ ಮಾತು ಅದು. ಆದರೆ ತರಗತಿಯಲ್ಲಿ ಕಲಿಸುವ ಸೂತ್ರದ ಪ್ರಕಾರ ‘ಇಫ್’ ಉಪವಾಕ್ಯದಲ್ಲಿ ಭೂತಕಾಲವಿದ್ದರೆ ಮುಖ್ಯವಾಕ್ಯದಲ್ಲಿ ‘ವುಡ್’ ಇರಬೇಕು. ಸೂತ್ರ ಗೆದ್ದಿತು, ವಾಕ್ಯ ಸೋತಿತು.

ಆ ಮೌಲ್ಯಮಾಪಕರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಬೋಧನೆಯ ಮೊದಲ ವರ್ಷಗಳಲ್ಲಿ ನಾನೂ ಅದೇ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದದ್ದುಂಟು. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಶುದ್ಧವಾದ ವಾಕ್ಯವೊಂದಕ್ಕೆ ಜಾಗವೇ ಇಲ್ಲದಂತಹ ವರ್ಗೀಕರಣ ಹೇಗೆ ರೂಪುಗೊಂಡಿತು? ಇದಕ್ಕೆ ಉತ್ತರ ದೊರೆಯಬೇಕಾದರೆ ಎರಡು ಚರಿತ್ರೆಗಳನ್ನು ಒಟ್ಟಿಗೆ ಓದಬೇಕಾಗುತ್ತದೆ. ಒಂದು, ಇಂಗ್ಲಿಷ್ ಕ್ರಿಯಾರೂಪಗಳ ಚರಿತ್ರೆ. ಇನ್ನೊಂದು, ಆ ರೂಪಗಳಿಗೆ ವ್ಯಾಕರಣಕಾರರು ಇಟ್ಟ ಹೆಸರುಗಳ ಚರಿತ್ರೆ. ಮೊದಲನೆಯದರಲ್ಲಿ ಎರಡು ಬೇರೆ ಬೇರೆ ರೂಪಗಳು ಸವೆದು ಒಂದಾದವು. ಎರಡನೆಯದರಲ್ಲಿ ಆ ಒಂದು ರೂಪಕ್ಕೆ ಒಂದೇ ಅರ್ಥವಿದೆಯೆಂಬ ಭ್ರಮೆ ಬೆಳೆಯಿತು. ಕೆಂಪು ಗೆರೆ ಇವೆರಡರ ಫಲವೆಂಬುದು ಈ ಲೇಖನದ ವಾದ.

ಕನ್ನಡ ವ್ಯಾಕರಣ ಪರಂಪರೆಯಲ್ಲಿ ‘ಬಂದರೆ’, ‘ಮಾಡಿದರೆ’ ಮುಂತಾದ ರೂಪಗಳನ್ನು ಪಕ್ಷಾರ್ಥಕವೆಂದು ಕರೆಯುತ್ತೇವೆ. ಇಲ್ಲಿ ಇಡೀ ರಚನೆಯನ್ನು ಷರತ್ತುವಾಕ್ಯವೆಂದೂ, ಅದರ ‘ಇಫ್’ ಭಾಗವನ್ನು ಷರತ್ತಿನ ಉಪವಾಕ್ಯವೆಂದೂ, ಉಳಿದ ಭಾಗವನ್ನು ಫಲವಾಕ್ಯವೆಂದೂ ಕರೆಯಲಾಗಿದೆ.

2. ಹಳೆಯ ಇಂಗ್ಲಿಷಿನಲ್ಲಿ ಎರಡು ರೂಪಗಳು

ಇಂಗ್ಲಿಷಿನಲ್ಲಿ ರಚಿತವಾದ ಅತ್ಯಂತ ಹಳೆಯ ಶಾಸನಸಂಹಿತೆ ಕೆಂಟ್ ಪ್ರಾಂತದ ದೊರೆ ಎಥಲ್‌ಬರ್ಟನದು. ಅದರ ಕಾಲ ಸುಮಾರು ಕ್ರಿ.ಶ. 600, ಇಂದು ಅದು ಹನ್ನೆರಡನೆಯ ಶತಮಾನದ ‘ಟೆಕ್ಸ್ಟಸ್ ರಾಫೆನ್ಸಿಸ್’ ಎಂಬ ಹಸ್ತಪ್ರತಿಯಲ್ಲಿ ಮಾತ್ರ ಉಳಿದಿದೆ. ಅದರ ಬಹುಪಾಲು ವಿಧಿಗಳು ‘ಗಿಫ್’ ಎಂಬ ಪದದಿಂದಲೇ ಆರಂಭವಾಗುತ್ತವೆ: ಒಬ್ಬನು ಇಂಥ ಅಪರಾಧ ಮಾಡಿದರೆ, ಇಷ್ಟು ದಂಡ ತೆರಬೇಕು. ಲಿಖಿತ ಇಂಗ್ಲಿಷಿನ ಚರಿತ್ರೆ ಹೀಗೆ ಷರತ್ತುವಾಕ್ಯಗಳ ಸಾಲಿನೊಂದಿಗೇ ತೆರೆದುಕೊಳ್ಳುತ್ತದೆ ಎಂದರೆ ತಪ್ಪಾಗದು.

ಈ ‘ಗಿಫ್’, ಅಂದರೆ ಇಂದಿನ ‘ಇಫ್’, ತನ್ನ ನಂತರ ಎರಡು ಬಗೆಯ ಕ್ರಿಯಾರೂಪಗಳನ್ನು ಸ್ವೀಕರಿಸುತ್ತಿತ್ತು. ಒಂದು ನಿಶ್ಚಯಾರ್ಥಕ ರೂಪ. ಇನ್ನೊಂದು ಸಬ್‌ಜಂಕ್ಟಿವ್ ರೂಪ. ಷರತ್ತು ನೆರವೇರಲೂಬಹುದು, ನೆರವೇರದಿರಲೂಬಹುದು ಎಂಬ ತೆರೆದ ಸ್ಥಿತಿಯಲ್ಲಿ ಎರಡೂ ಬರುತ್ತಿದ್ದವು. ಎಥಲ್‌ಬರ್ಟನ ವಿಧಿಗಳಲ್ಲೇ ಎರಡಕ್ಕೂ ನಿದರ್ಶನಗಳಿವೆ. ಆದರೆ ಷರತ್ತು ವಾಸ್ತವಕ್ಕೆ ವಿರುದ್ಧವಾದಾಗ ಭೂತಕಾಲದ ಸಬ್‌ಜಂಕ್ಟಿವ್ ಷರತ್ತಿನ ಉಪವಾಕ್ಯದಲ್ಲೂ ಫಲವಾಕ್ಯದಲ್ಲೂ ಕಾಣಿಸಿಕೊಳ್ಳುತ್ತಿತ್ತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ‘ಈಗ ಹೀಗಿದ್ದಿದ್ದರೆ’ ಮತ್ತು ‘ಆಗ ಹೀಗಿದ್ದಿದ್ದರೆ’ ಎಂಬ ಭೇದವನ್ನು ಈ ರೂಪ ಗುರುತಿಸುತ್ತಿರಲಿಲ್ಲ. ಕಾಲವನ್ನು ಸಂದರ್ಭವೇ ನಿರ್ಣಯಿಸಬೇಕಿತ್ತು.

ಎರಡು ರೂಪಗಳ ನಡುವಣ ವ್ಯತ್ಯಾಸ ಎಲ್ಲ ಧಾತುಗಳಲ್ಲೂ ಸಮಾನವಾಗಿ ಸ್ಪಷ್ಟವಾಗಿರಲಿಲ್ಲ ಎಂಬುದೂ ಮುಖ್ಯ. ‘ಬರು’ ಎಂಬರ್ಥದ ಧಾತುವಿನ ಪ್ರಥಮಪುರುಷ ಏಕವಚನದ ಭೂತಕಾಲದಲ್ಲಿ ನಿಶ್ಚಯಾರ್ಥಕ ರೂಪ ‘ಕೋಮ್’, ಸಬ್‌ಜಂಕ್ಟಿವ್ ರೂಪ ‘ಕೋಮೆ’. ‘ಹಾಡು’ ಎಂಬರ್ಥದ ಧಾತುವಿನಲ್ಲಿ ‘ಸಂಗ್’ ಮತ್ತು ‘ಸುಂಗೆ’. ಇಲ್ಲಿ ಭೇದ ಕಿವಿಗೆ ಬೀಳುತ್ತದೆ. ಆದರೆ ‘ಪ್ರೀತಿಸು’ ಎಂಬರ್ಥದ ಧಾತುವಿನ ಏಕವಚನದಲ್ಲಿ ಎರಡಕ್ಕೂ ‘ಲುಫೊಡೆ’ ಎಂಬ ಒಂದೇ ರೂಪ. ಬಹುವಚನದಲ್ಲಿ ಮಾತ್ರ ‘ಲುಫೊಡೊನ್’ ಮತ್ತು ‘ಲುಫೊಡೆನ್’ ಎಂದು ಒಂದು ಸ್ವರದ ಅಂತರ. ಬಲಹೀನ ಧಾತುಗಳಲ್ಲಿ ಅಭೇದದ ಬೀಜ ಮೊದಲೇ ಬಿತ್ತಿತ್ತು.

3. ಸವೆತ ಮತ್ತು ಅದರ ಪರಿಣಾಮ

ಹಳೆಯ ಇಂಗ್ಲಿಷಿನ ಕೊನೆಯ ಘಟ್ಟದಲ್ಲಿ ಪದಾಂತ್ಯದ ಒತ್ತಿಲ್ಲದ ಸ್ವರಗಳು ಒಂದರೊಳಗೊಂದು ಬೆರೆತವು. ಮಧ್ಯ ಇಂಗ್ಲಿಷಿನ ಅವಧಿಯಲ್ಲಿ ಕ್ರಮೇಣ ಲೋಪಗೊಂಡವು. ‘-ಒನ್’ ಮತ್ತು ‘-ಎನ್’ ಪ್ರತ್ಯಯಗಳ ಅಂತರ ಅಳಿಯಿತು. ‘ಕೋಮೆ’ ರೂಪದ ಕೊನೆಯ ಸ್ವರ ಉದುರಿದ ಮೇಲೆ ಅದನ್ನು ‘ಕೋಮ್’ ರೂಪದಿಂದ ಬೇರ್ಪಡಿಸುವ ಗುರುತು ಉಳಿಯಲಿಲ್ಲ. ‘ಬಿ’ ಧಾತುವಿನ ‘ವಾಸ್’ ಮತ್ತು ‘ವರ್’ ಜೋಡಿ ಮಾತ್ರ ಇಂದಿಗೂ ಉಳಿದುಬಂದಿದೆ.

ನಷ್ಟವಾದ ಭೇದವನ್ನು ಭಾಷೆ ಬೇರೆ ಉಪಾಯಗಳಿಂದ ತುಂಬಿಕೊಂಡಿತು. ‘ಹ್ಯಾಡ್’ ಮತ್ತು ಭೂತಕೃದಂತದ ಜೋಡಿ, ನೆರವೇರದೆ ಹೋದ ಭೂತಕಾಲದ ಷರತ್ತನ್ನು ಹೇಳಲು ಮಧ್ಯ ಇಂಗ್ಲಿಷಿನಲ್ಲಿ ನೆಲೆಯೂರಿತು. ಹಳೆಯ ರೂಪ ಗುರುತಿಸದಿದ್ದ ‘ಈಗ’ ಮತ್ತು ‘ಆಗ’ ಎಂಬ ಭೇದ ಹೀಗೆ ಸ್ಪಷ್ಟವಾಯಿತು. ಫಲವಾಕ್ಯದಲ್ಲಿ ‘ಶುಡ್’ ಮತ್ತು ‘ವುಡ್’ ಸಹಾಯಕ ಕ್ರಿಯೆಗಳು ಸ್ಥಾನ ಪಡೆದವು. ಬದಲಾವಣೆ ಒಮ್ಮೆಗೇ ಆದುದಲ್ಲ. ಹದಿನೇಳನೆಯ ಶತಮಾನದ ಆರಂಭದ ಗದ್ಯದಲ್ಲೂ ಫಲವಾಕ್ಯದಲ್ಲಿ ಬರಿಯ ‘ವರ್’ ಅಥವಾ ಬರಿಯ ‘ಹ್ಯಾಡ್’ ದೊರೆಯುತ್ತದೆ. ‘ವರ್ ಐ’, ‘ಹ್ಯಾಡ್ ಐ’, ‘ಶುಡ್ ಹಿ’ ಎಂದು ಕ್ರಿಯೆಯನ್ನು ಮುಂದಿಟ್ಟು ‘ಇಫ್’ ಇಲ್ಲದೆಯೇ ಷರತ್ತು ಹೇಳುವ ಕ್ರಮವೂ ಆ ಹಳೆಯ ವ್ಯವಸ್ಥೆಯ ಉಳಿಕೆಯೇ.

‘ಸಬ್‌ಜಂಕ್ಟಿವ್ ಅಳಿಯಿತು, ಅದರ ಕೆಲಸವನ್ನು ಭೂತಕಾಲ ವಹಿಸಿಕೊಂಡಿತು’ ಎಂದು ಈ ಚರಿತ್ರೆಯನ್ನು ಸಂಗ್ರಹಿಸುವ ವಾಡಿಕೆಯಿದೆ. ಇದು ಅರ್ಧಸತ್ಯ. ವಾಸ್ತವವಿರುದ್ಧವಾದುದನ್ನು ಹೇಳುತ್ತಿದ್ದುದು ಸಬ್‌ಜಂಕ್ಟಿವ್ ಎಂಬುದಷ್ಟೇ ಅಲ್ಲ, ಭೂತಕಾಲದ ಪ್ರಕೃತಿಯ ಮೇಲೆ ನಿಂತ ಸಬ್‌ಜಂಕ್ಟಿವ್. ಅಂದರೆ ಭೂತಕಾಲದ ಗುರುತು ಮೊದಲಿನಿಂದಲೂ ಅಲ್ಲಿತ್ತು. ಅದರ ಜೊತೆಗಿದ್ದ ಪ್ರತ್ಯಯ ಮಾತ್ರ ಸವೆದುಹೋಯಿತು. ಅದಕ್ಕಿಂತ ಮುಖ್ಯವಾದ ಪರಿಣಾಮ ಇನ್ನೊಂದು. ಇಂದಿನ ‘ಇಫ್ ಹಿ ಕೇಮ್’ ಎಂಬ ತುಣುಕಿಗೆ ಇಬ್ಬರು ಪೂರ್ವಜರು. ನಿಶ್ಚಯಾರ್ಥಕದ ವಾರಸುದಾರನಾಗಿ ಅದು ‘ಅವನು ಬಂದದ್ದು ನಿಜವಾದರೆ’ ಎನ್ನುತ್ತದೆ; ಸಬ್‌ಜಂಕ್ಟಿವ್‌ನ ವಾರಸುದಾರನಾಗಿ ‘ಅವನು ಬರುವ ಪಕ್ಷದಲ್ಲಿ, ಬರುವನೆಂಬ ಭರವಸೆಯಿಲ್ಲದಿದ್ದರೂ’ ಎನ್ನುತ್ತದೆ. ರೂಪ ಒಂದು, ಅರ್ಥ ಎರಡು. ಯಾವ ಅರ್ಥವೆಂಬುದನ್ನು ಫಲವಾಕ್ಯದ ‘ವಿಲ್’ ಅಥವಾ ‘ವುಡ್’ ಮತ್ತು ಸಂದರ್ಭ ತಿಳಿಸಬೇಕು. ನಮ್ಮ ವಿದ್ಯಾರ್ಥಿ ‘ರೇನ್ಡ್’ ಎಂಬುದನ್ನು ಮೊದಲ ಅರ್ಥದಲ್ಲಿ ಬಳಸಿದ್ದನು. ಅದನ್ನು ಖಚಿತಪಡಿಸುತ್ತಿದ್ದುದು ‘ವಿಲ್’ ಒಂದೇ. ಕೆಂಪು ಗೆರೆ ಬಿದ್ದದ್ದು ಅದರ ಮೇಲೆಯೇ.

4. ಲ್ಯಾಟಿನ್ ಅಚ್ಚಿನಲ್ಲಿ ಇಂಗ್ಲಿಷ್

ವಿಪರ್ಯಾಸವೆಂದರೆ, ಇಂಗ್ಲಿಷ್ ವ್ಯಾಕರಣಗಳು ರಚಿತವಾಗತೊಡಗಿದ್ದು ಈ ಸವೆತ ಬಹುಮಟ್ಟಿಗೆ ಪೂರ್ಣಗೊಂಡ ಮೇಲೆ. ವಿಲಿಯಂ ಬುಲ್ಲೊಕರ್ 1586ರಲ್ಲಿ ಪ್ರಕಟಿಸಿದ ಮೊದಲ ಮುದ್ರಿತ ಇಂಗ್ಲಿಷ್ ವ್ಯಾಕರಣಕ್ಕೆ ಮಾದರಿಯಾದದ್ದು ಅಂದು ಶಾಲೆಗಳಲ್ಲಿ ಬಳಕೆಯಲ್ಲಿದ್ದ, ವಿಲಿಯಂ ಲಿಲಿಯ ಹೆಸರಿನ ಲ್ಯಾಟಿನ್ ವ್ಯಾಕರಣ. ಲ್ಯಾಟಿನ್ನಿನಲ್ಲಿ ಸಬ್‌ಜಂಕ್ಟಿವ್‌ಗೆ ಪ್ರತ್ಯೇಕ ರೂಪಾವಳಿಯಿದೆ. ಇಂಗ್ಲಿಷಿನಲ್ಲಿ ಅಂತಹ ರೂಪಾವಳಿ ಉಳಿದಿರಲಿಲ್ಲ. ಆದರೂ ಅಚ್ಚಿನಲ್ಲಿ ಖಾನೆಯಿದ್ದುದರಿಂದ ಅದನ್ನು ತುಂಬಬೇಕಾಯಿತು.

ಈ ದಾರಿಯನ್ನು ಪ್ರಶ್ನಿಸಿದವರೂ ಇದ್ದರು. ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ನಿನಲ್ಲಿಯೇ ಬರೆದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ, ಲ್ಯಾಟಿನ್ ಚೌಕಟ್ಟನ್ನು ಇಂಗ್ಲಿಷಿನ ಮೇಲೆ ಹೇರುವುದನ್ನು ವಿರೋಧಿಸಿದನು. ಇಂಗ್ಲಿಷ್ ಕ್ರಿಯಾಪದಕ್ಕೆ ಇರುವುದು ಎರಡೇ ಕಾಲಗಳು, ಉಳಿದುದನ್ನೆಲ್ಲ ಸಹಾಯಕ ಕ್ರಿಯೆಗಳು ನಿರ್ವಹಿಸುತ್ತವೆ ಎಂದನು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು, ಸಂಸ್ಕೃತದ ಅಚ್ಚಿನಿಂದ ಅದನ್ನು ಬಿಡಿಸಬೇಕೆಂದು ವಾದಿಸಿದ ಡಿ. ಎನ್. ಶಂಕರ ಭಟ್ಟರ ಬರಹಗಳನ್ನು ಬಲ್ಲ ಓದುಗರಿಗೆ ವಾಲಿಸ್‌ನ ನಿಲುವು ಅಪರಿಚಿತವೆನಿಸದು.

ಆದರೆ ಶಾಲಾ ವ್ಯಾಕರಣ ಹಿಡಿದದ್ದು ಬೇರೆ ದಾರಿ. 1762ರಲ್ಲಿ ರಾಬರ್ಟ್ ಲೌತ್, ಷರತ್ತು, ಸಂದೇಹ, ವಿನಾಯಿತಿಗಳನ್ನು ಸೂಚಿಸುವ ಸಂಯೋಜಕಗಳ ನಂತರ ಸಬ್‌ಜಂಕ್ಟಿವ್ ಬರುವುದು ಸಾಮಾನ್ಯವಾಗಿ ಯುಕ್ತವೆಂದನು. ಬಳಕೆಯಲ್ಲಿ ನಿಶ್ಚಯಾರ್ಥಕವೂ ಉಂಟೆಂಬುದನ್ನು ಒಪ್ಪಿದನು. 1795ರಲ್ಲಿ ಹೊರಬಂದ ಲಿಂಡ್ಲಿ ಮರೆಯ ವ್ಯಾಕರಣ ಇಂತಹ ನಿಯಮಗಳನ್ನು ಅಟ್ಲಾಂಟಿಕ್ ಸಾಗರದ ಎರಡೂ ದಡಗಳ ಶಾಲೆಗಳಿಗೆ ತಲುಪಿಸಿತು. ಲೌತ್‌ನ ಎಚ್ಚರಿಕೆಯ ಮಾತು ಪಠ್ಯದಿಂದ ಪಠ್ಯಕ್ಕೆ ಸಾಗುವಾಗ ಕಠಿಣ ವಿಧಿಯಾಗುವುದು ವ್ಯಾಕರಣ ಬೋಧನೆಯ ಚರಿತ್ರೆಯಲ್ಲಿ ಮರುಕಳಿಸುವ ಸಂಗತಿ.

ಇದೇ ಕಾಲದಲ್ಲಿ ‘ಇಫ್’ ಪದದ ಮೂಲವನ್ನು ಕುರಿತ ಒಂದು ಪ್ರಸಿದ್ಧ ಪ್ರಮಾದವೂ ನಡೆಯಿತು. ಅಮೆರಿಕದ ವಸಾಹತುಗಾರರ ಪರವಾಗಿ ಪ್ರಕಟಣೆ ಹೊರಡಿಸಿ 1777ರಲ್ಲಿ ಶಿಕ್ಷೆಗೊಳಗಾದ ಜಾನ್ ಹಾರ್ನ್ ಟೂಕ್, ಸಂಯೋಜಕಗಳ ಅರ್ಥವೇ ತನ್ನ ಮೊಕದ್ದಮೆಯನ್ನು ನಿರ್ಣಯಿಸಿತೆಂಬ ನಂಬಿಕೆಯಿಂದ ಅವುಗಳ ವ್ಯುತ್ಪತ್ತಿಯನ್ನು ಬೆನ್ನುಹತ್ತಿದನು. 1786ರ ತನ್ನ ಗ್ರಂಥದಲ್ಲಿ ‘ಇಫ್’ ಎಂಬುದು ‘ಕೊಡು’ ಎಂಬರ್ಥದ ಧಾತುವಿನ ಆಜ್ಞಾರ್ಥಕ ರೂಪ, ಆದ್ದರಿಂದ ಷರತ್ತೆಂದರೆ ‘ಇಷ್ಟನ್ನು ಕೊಟ್ಟುಬಿಡು, ಒಪ್ಪಿಕೋ’ ಎಂಬ ಬೇಡಿಕೆ ಎಂದು ಪ್ರತಿಪಾದಿಸಿದನು. ಅರ್ಥದ ದೃಷ್ಟಿಯಿಂದ ಆಕರ್ಷಕವಾದ ಈ ವಾದ ಧ್ವನಿಚರಿತ್ರೆಯ ಮುಂದೆ ನಿಲ್ಲಲಿಲ್ಲ. ಗೋಥಿಕ್ ಭಾಷೆಯಲ್ಲಿ ‘ಕೊಡು’ ಧಾತು ಗಕಾರಾದಿಯಾದ ‘ಗಿಬನ್’. ‘ಇಫ್’ ಅರ್ಥದ ಪದ ಯಕಾರಾದಿಯಾದ ‘ಯಬೈ’. ಹಳೆಯ ನಾರ್ಸ್ ಭಾಷೆಯ ‘ಎಫ್’ ರೂಪದಲ್ಲಂತೂ ಗಕಾರದ ಸುಳಿವೇ ಇಲ್ಲ. ಬರವಣಿಗೆಯ ಒಂದು ಅಕ್ಷರಸಾಮ್ಯ ಎರಡು ಬೇರೆ ಪದಗಳನ್ನು ಒಂದೆಂದು ತೋರಿಸಿತ್ತು. ಒಂದಾಗಿ ಕಾಣುವ ರೂಪಕ್ಕೆ ಒಂದೇ ಮೂಲವಿರಬೇಕೆಂಬ ಊಹೆ ಎಷ್ಟು ಅಪಾಯಕರವೆಂಬುದಕ್ಕೆ ಇದು ನಿದರ್ಶನ.

5. ಕಾಲವೋ, ದೂರವೋ

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆಯ ಸ್ವರೂಪ ಬದಲಾಯಿತು. ಒಟ್ಟೊ ಯೆಸ್ಪರ್ಸನ್ 1924ರ ‘ದಿ ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ, ಭೂತಕಾಲದ ರೂಪಗಳು ಕಾಲವನ್ನು ಬಿಟ್ಟು ಅವಾಸ್ತವವನ್ನೂ ಅಸಂಭವವನ್ನೂ ಸೂಚಿಸುವ ಬಳಕೆಯನ್ನು ಕಾಲರೂಪಗಳ ಕಾಲ್ಪನಿಕ ಪ್ರಯೋಗವೆಂದು ಗುರುತಿಸಿದನು. ‘ಐ ವಿಶ್ ಐ ನ್ಯೂ’ ಎಂಬಲ್ಲಿ ಇರುವುದೂ ಇದೇ ಭೂತಕಾಲ. ಅದು ನಿನ್ನೆಯ ಮಾತಲ್ಲ. ಮಾರ್ಟಿನ್ ಜೂಸ್ 1964ರಲ್ಲಿ ಈ ರೂಪಕ್ಕೆ ಭೂತಕಾಲವೆಂಬ ಹೆಸರನ್ನೇ ಕೈಬಿಟ್ಟು ‘ರಿಮೋಟ್’, ಅಂದರೆ ದೂರಸೂಚಕ ಎಂದು ಕರೆದನು. ದೂರವು ಕಾಲದಲ್ಲಿರಬಹುದು, ವಾಸ್ತವದಿಂದಲೂ ಇರಬಹುದು.

ಇದು ಇಂಗ್ಲಿಷ್ ಒಂದಕ್ಕೇ ಸೀಮಿತವಲ್ಲ. ಸೂಸನ್ ಸ್ಟೀಲ್ 1975ರಲ್ಲಿ ಯೂಟೊ-ಅಜ್ಟೆಕನ್ ಭಾಷೆಗಳ ಆಧಾರದಿಂದ ಭೂತಕಾಲಕ್ಕೂ ಅವಾಸ್ತವಕ್ಕೂ ಇರುವ ನಂಟನ್ನು ಚರ್ಚಿಸಿದರು. ಸಬೀನ್ ಇಯಾಟ್ರಿಡು 2000ದಲ್ಲಿ, ಮುಖ್ಯವಾಗಿ ಆಧುನಿಕ ಗ್ರೀಕ್ ಭಾಷೆಯನ್ನು ಮುಂದಿಟ್ಟುಕೊಂಡು, ಭೂತಕಾಲದ ಪ್ರತ್ಯಯದ ತಿರುಳು ‘ಹೊರಗಿಡುವಿಕೆ’ ಎಂದು ವಾದಿಸಿದರು. ಮಾತಿನ ವಿಷಯವಾದ ಕಾಲ ಆಡುವ ಕ್ಷಣವನ್ನು ಹೊರಗಿಟ್ಟಾಗ ಅದು ಭೂತ. ಮಾತಿನ ವಿಷಯವಾದ ಲೋಕ ವಾಸ್ತವ ಲೋಕವನ್ನು ಹೊರಗಿಟ್ಟಾಗ ಅದು ಅವಾಸ್ತವ. ಇದಕ್ಕೆ ಪ್ರತಿಯಾಗಿ, ಇಲ್ಲಿಯೂ ಭೂತಕಾಲ ಕಾಲವನ್ನೇ ಹೇಳುತ್ತದೆ, ಸಾಧ್ಯತೆ ಇನ್ನೂ ತೆರೆದಿದ್ದ ಹಿಂದಿನ ಒಂದು ಗಳಿಗೆಗೆ ನಮ್ಮನ್ನು ಒಯ್ಯುತ್ತದೆ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಈ ವಿವಾದ ಮುಗಿದಿಲ್ಲ. ಆದರೆ ಎರಡು ಪಕ್ಷಗಳೂ ಒಂದು ಮಾತನ್ನು ಒಪ್ಪುತ್ತವೆ: ಷರತ್ತಿನ ಉಪವಾಕ್ಯದ ಭೂತಕಾಲಕ್ಕೆ ಒಂದಕ್ಕಿಂತ ಹೆಚ್ಚು ಬಳಕೆಗಳಿವೆ, ಅವುಗಳನ್ನು ವಿಂಗಡಿಸಿ ವಿವರಿಸಬೇಕು.

6. ತರಗತಿಯ ಮೂರು ಪೆಟ್ಟಿಗೆಗಳು

ಸಂಶೋಧನೆ ಈ ದಿಕ್ಕಿನಲ್ಲಿ ಸಾಗುತ್ತಿದ್ದಾಗಲೇ ತರಗತಿ ಮತ್ತೊಂದು ದಿಕ್ಕಿಗೆ ಹೊರಟಿತು. 1960ರಲ್ಲಿ ಪ್ರಕಟವಾದ ಥಾಮ್ಸನ್ ಮತ್ತು ಮಾರ್ಟಿನೆ ಅವರ ‘ಎ ಪ್ರಾಕ್ಟಿಕಲ್ ಇಂಗ್ಲಿಷ್ ಗ್ರಾಮರ್’ ಮುಂತಾದ ಪುಸ್ತಕಗಳ ಮೂಲಕ ಷರತ್ತುವಾಕ್ಯಗಳನ್ನು ಒಂದು, ಎರಡು, ಮೂರು ಎಂದು ಎಣಿಸುವ ಕ್ರಮ ಪ್ರಚಾರ ಪಡೆಯಿತು. ವರ್ತಮಾನ ಮತ್ತು ‘ವಿಲ್’ ಸೇರಿದರೆ ಒಂದನೆಯದು. ಭೂತ ಮತ್ತು ‘ವುಡ್’ ಎರಡನೆಯದು. ‘ಹ್ಯಾಡ್’ ಮತ್ತು ‘ವುಡ್ ಹ್ಯಾವ್’ ಮೂರನೆಯದು. ಎರಡೂ ಕಡೆ ವರ್ತಮಾನವಿರುವುದಕ್ಕೆ ‘ಶೂನ್ಯ’ ಎಂಬ ಹೆಸರೂ, ಇವುಗಳಿಗೆ ಹೊಂದದುದಕ್ಕೆ ‘ಮಿಶ್ರ’ ಎಂಬ ಹೆಸರೂ ಸೇರಿಕೊಂಡವು.

ಲ್ಯಾಟಿನ್ ಶಾಲಾ ವ್ಯಾಕರಣಗಳು ಷರತ್ತುಗಳನ್ನು ವಾಸ್ತವ, ಸಂಭಾವ್ಯ, ಅವಾಸ್ತವ ಎಂದು ಮೂರಾಗಿ ವಿಭಜಿಸುವುದನ್ನು ಬಲ್ಲವರಿಗೆ ಈ ತ್ರಿಪದಿಯಲ್ಲಿ ಹಳೆಯ ಮುಖದ ಹೋಲಿಕೆ ಕಾಣುತ್ತದೆ. ಆದರೆ ಲ್ಯಾಟಿನ್ನಿನಲ್ಲಿ ಮೂರಕ್ಕೂ ಕ್ರಿಯಾರೂಪಗಳ ಆಸರೆಯಿದೆ. ಇಂಗ್ಲಿಷಿನಲ್ಲಿ ಭೂತಕಾಲದ ಒಂದೇ ರೂಪ ಎರಡು ಕಡೆ ದುಡಿಯುತ್ತದೆ. ಎಣಿಕೆ ಇದನ್ನು ಮರೆಮಾಡಿತು. ಕಲಿಯಲು ಸುಲಭ, ಪರೀಕ್ಷೆಗೆ ಅನುಕೂಲ ಎಂಬ ಎರಡು ಗುಣಗಳಿಂದ ಅದು ಉಳಿಯಿತು. ಅನ್ಯಭಾಷಿಕ ವಿದ್ಯಾರ್ಥಿಗೆ ಮೊದಲ ಹೆಜ್ಜೆಯಾಗಿ ಅದರ ಉಪಯೋಗವನ್ನು ಅಲ್ಲಗಳೆಯಲಾಗದು. ತೊಂದರೆ ಆರಂಭವಾಗುವುದು ಹೆಚ್ಚಾಗಿ ಬಳಕೆಯಾಗುವ ಮೂರು ಜೋಡಿಗಳ ಪಟ್ಟಿಯನ್ನು ಸಾಧ್ಯವಿರುವ ಎಲ್ಲ ಜೋಡಿಗಳ ಪಟ್ಟಿಯೆಂದು ಓದಿದಾಗ.

ಎಚ್ಚರಿಕೆ ನೀಡಿದವರು ಇಲ್ಲದಿಲ್ಲ. ಡೇವಿಡ್ ಮಾಲ್ 1988ರಲ್ಲಿ ದೂರದರ್ಶನ ಕಾರ್ಯಕ್ರಮಗಳಲ್ಲಿ ಕೇಳಿದ ಷರತ್ತುವಾಕ್ಯಗಳನ್ನು ಕಲೆಹಾಕಿ, ಪಠ್ಯಪುಸ್ತಕದ ಪೆಟ್ಟಿಗೆಗಳಿಗೆ ಹೊಂದದ ವಾಕ್ಯಗಳು ನಿತ್ಯದ ಮಾತಿನಲ್ಲಿ ಧಾರಾಳವಾಗಿವೆಯೆಂದು ತೋರಿಸಿದರು. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ಎಣಿಕೆಯನ್ನು ಬದಿಗಿಟ್ಟು ಷರತ್ತುಗಳನ್ನು ತೆರೆದವು ಮತ್ತು ಕಲ್ಪಿತವಾದವು ಎಂದು ಎರಡಾಗಿ ವಿಂಗಡಿಸಿತು. ಹಡಲ್‌ಸ್ಟನ್ ಮತ್ತು ಪುಲಂ ಅವರ 2002ರ ವ್ಯಾಕರಣವೂ ತೆರೆದ ಮತ್ತು ದೂರದ ಷರತ್ತುಗಳೆಂಬ ಇಬ್ಭಾಗವನ್ನೇ ಅನುಸರಿಸಿತು. ತೆರೆದ ಷರತ್ತಿನಲ್ಲಿ ಭೂತ, ವರ್ತಮಾನ, ಭವಿಷ್ಯಗಳಲ್ಲಿ ಯಾವುದೂ ಬರಬಹುದು. ನಮ್ಮ ವಿದ್ಯಾರ್ಥಿಯ ವಾಕ್ಯ ಇಲ್ಲಿ ಸಹಜವಾಗಿ ನೆಲೆ ಪಡೆಯುತ್ತದೆ: ಅದು ಭೂತಕಾಲವನ್ನು ಕುರಿತ ತೆರೆದ ಷರತ್ತು. ದೂರದ ಷರತ್ತಾಗಿ ಅದನ್ನು ಹೇಳಬೇಕಿದ್ದರೆ ‘ರೇನ್ಡ್’ ಬದಲಿಗೆ ‘ಹ್ಯಾಡ್ ರೇನ್ಡ್’ ಬೇಕಿತ್ತು. ‘ವಿಲ್’ ಮಾತ್ರ ಬದಲಾಯಿಸಿದ ತಿದ್ದುಪಡಿ ಸರಿಯಿದ್ದ ವಾಕ್ಯದ ಹೊಂದಾಣಿಕೆಯನ್ನೇ ಕೆಡಿಸಿತು.

ಉಳಿದುಬಂದ ಒಂದೇ ಜೋಡಿಯಾದ ‘ವಾಸ್’ ಮತ್ತು ‘ವರ್’ ವಿಷಯದಲ್ಲೂ ಇದೇ ಗೊಂದಲ. ‘ಇಫ್ ಹಿ ವಾಸ್ ದೇರ್ ಲಾಸ್ಟ್ ನೈಟ್, ಹಿ ಸಾ ಇಟ್’ ಎಂಬುದು ತೆರೆದ ಷರತ್ತಾದ್ದರಿಂದ ಇಲ್ಲಿ ‘ವಾಸ್’ ಎಂಬುದೇ ಸರಿ. ‘ಇಫ್’ ಕಂಡಲ್ಲೆಲ್ಲ ‘ವರ್’ ಬರೆಯಬೇಕೆಂಬ ಅತಿಶುದ್ಧಿಯ ಚಾಳಿ, ಉಳಿದ ಈ ಒಂದು ಭೇದವನ್ನೂ ಅಳಿಸುತ್ತದೆ.

7. ಕನ್ನಡದ ಕಡೆಯಿಂದ

ವಿದ್ಯಾರ್ಥಿ ಆ ವಾಕ್ಯವನ್ನು ಎಲ್ಲಿಂದ ತಂದನೆಂದು ಕೇಳಿಕೊಂಡಾಗ ಅವನ ತಾಯಿನುಡಿಯ ಕಡೆಗೆ ನೋಡುವುದು ಅನಿವಾರ್ಯ. ಕೆಳಗಿನ ಎರಡು ವಾಕ್ಯಗಳನ್ನು ಹೋಲಿಸಬಹುದು:

(ಅ) ರಾತ್ರಿ ಮಳೆ ಬಂದಿದ್ದರೆ ರಸ್ತೆ ಒದ್ದೆಯಾಗಿರುತ್ತದೆ.
(ಆ) ರಾತ್ರಿ ಮಳೆ ಬಂದಿದ್ದರೆ ರಸ್ತೆ ಒದ್ದೆಯಾಗಿರುತ್ತಿತ್ತು.

ಷರತ್ತಿನ ಉಪವಾಕ್ಯದಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. (ಅ) ತೆರೆದ ಷರತ್ತು. (ಆ) ಮಳೆ ಬರಲಿಲ್ಲವೆಂಬ ತಿಳಿವಿನಿಂದ ಆಡಿದ ಮಾತು. ಭೇದವನ್ನು ಹೊತ್ತಿರುವುದು ಫಲವಾಕ್ಯವೊಂದೇ. ‘ದುಡ್ಡಿದ್ದರೆ ಕೊಡುತ್ತೇನೆ’ ಮತ್ತು ‘ದುಡ್ಡಿದ್ದರೆ ಕೊಡುತ್ತಿದ್ದೆ’ ಎಂಬ ಜೋಡಿಯಲ್ಲೂ ಹಾಗೆಯೇ. ‘ಕೊಡುತ್ತಿದ್ದೆ’ ಎಂಬುದು ಇಂದಿನ ಮಾತೂ ಆಗಬಹುದು, ನಿನ್ನೆಯ ಮಾತೂ ಆಗಬಹುದು. ಹಳೆಯ ಇಂಗ್ಲಿಷಿನ ಭೂತಕಾಲದ ಸಬ್‌ಜಂಕ್ಟಿವ್‌ನಂತೆ ಇಲ್ಲಿಯೂ ಕಾಲವನ್ನು ಸಂದರ್ಭವೇ ನಿರ್ಣಯಿಸುತ್ತದೆ.

ಆದರೆ ಹೋಲಿಕೆಯನ್ನು ಅಳತೆ ಮೀರಿ ಹಿಗ್ಗಿಸಬಾರದು. ಹಳಗನ್ನಡದ ‘ಬಂದೊಡೆ’, ನಡುಗನ್ನಡದ ‘ಬಂದಡೆ’, ಹೊಸಗನ್ನಡದ ‘ಬಂದರೆ’ ಎಲ್ಲವೂ ಭೂತಕಾಲದ ಪ್ರಕೃತಿಯ ಮೇಲೆಯೇ ನಿಂತಿವೆ. ಹಾಗಿದ್ದರೂ ‘ನಾಳೆ ಬಂದರೆ’ ಎಂಬಲ್ಲಿ ಭೂತಕಾಲವೂ ಇಲ್ಲ, ವಾಸ್ತವದಿಂದ ದೂರವೂ ಇಲ್ಲ. ಅದು ತೆರೆದ ಷರತ್ತೇ. ಅಂದರೆ ಇಂಗ್ಲಿಷಿನ ಷರತ್ತಿನ ಉಪವಾಕ್ಯದ ಭೂತರೂಪ ದೂರವನ್ನು ಸೂಚಿಸಬಲ್ಲದು, ಕನ್ನಡದ ಪಕ್ಷಾರ್ಥಕದ ಭೂತಪ್ರಕೃತಿ ತಾನಾಗಿಯೇ ಅದನ್ನು ಸೂಚಿಸದು. ಕನ್ನಡದ ಕಲಿಕೆಗಾರರು ನಿಜವಾಗಿ ಕಲಿಯಬೇಕಾದ ಹೊಸ ಸಂಗತಿ ಇದು: ಕನ್ನಡ ಫಲವಾಕ್ಯಕ್ಕೆ ಒಪ್ಪಿಸಬಹುದಾದ ದೂರದ ಗುರುತನ್ನು ಇಂಗ್ಲಿಷ್ ಎರಡೂ ಕಡೆ ಹಾಕುತ್ತದೆ. ಒಂದು, ಎರಡು, ಮೂರು ಎಂಬ ಎಣಿಕೆ ಈ ಭೇದವನ್ನು ಹೇಳುವುದಿಲ್ಲ. ತೆರೆದದ್ದು ಮತ್ತು ದೂರದ್ದು ಎಂಬ ಇಬ್ಭಾಗ ಹೇಳುತ್ತದೆ; ಅದನ್ನು (ಅ) ಮತ್ತು (ಆ) ವಾಕ್ಯಗಳ ನೆರವಿನಿಂದ ಕನ್ನಡದಲ್ಲಿಯೇ ವಿವರಿಸಲೂಬಹುದು.

8. ಉಪಸಂಹಾರ

ಇಂಗ್ಲಿಷ್ ಷರತ್ತುವಾಕ್ಯದ ಚರಿತ್ರೆಯಲ್ಲಿ ರೂಪಗಳು ಬೆರೆತದ್ದು ಧ್ವನಿಪರಿವರ್ತನೆಯ ಫಲ; ಅದಕ್ಕೆ ಯಾರೂ ಹೊಣೆಯಲ್ಲ. ಬೆರೆತ ರೂಪಕ್ಕೆ ಮೊದಲು ಲ್ಯಾಟಿನ್ನಿನ ಹೆಸರನ್ನು, ಬಳಿಕ ಒಂದು ಅಂಕಿಯನ್ನು ಅಂಟಿಸಿ, ಆ ಹೆಸರನ್ನೇ ಭಾಷೆಯೆಂದು ಭಾವಿಸಿದ್ದಕ್ಕೆ ವ್ಯಾಕರಣ ಬೋಧಿಸುವ ನಾವು ಹೊಣೆಗಾರರು. ಭಾಷಾವಿಜ್ಞಾನದ ಸಂಶೋಧನಾರ್ಥಿಗಳಲ್ಲಿ ಅನೇಕರು ಮುಂದೆ ಇಂಗ್ಲಿಷ್ ತರಗತಿಗಳಲ್ಲಿ ಪಾಠ ಹೇಳುವವರು, ಉತ್ತರಪತ್ರಿಕೆ ತಿದ್ದುವವರು. ಚಾರಿತ್ರಿಕ ವ್ಯಾಕರಣದ ತಿಳಿವಳಿಕೆ ಅವರಿಗೆ ಕನಿಷ್ಠ ಇಷ್ಟನ್ನಾದರೂ ಕಲಿಸಬೇಕು: ಸೂತ್ರಕ್ಕೆ ಹೊಂದದ ವಾಕ್ಯ ಎದುರಾದಾಗ, ಮೊದಲು ಪರೀಕ್ಷಿಸಬೇಕಾದದ್ದು ಸೂತ್ರವನ್ನು. ಆ ಉತ್ತರಪತ್ರಿಕೆಯಲ್ಲಿ ನಾನು ಕೆಂಪು ಗೆರೆಯನ್ನು ಹೊಡೆದುಹಾಕಿ ಅಂಕವನ್ನು ಮರಳಿ ಸೇರಿಸಿದೆ. ಅಂಚಿನಲ್ಲಿ ವಿವರಣೆ ಬರೆಯಲು ಸ್ಥಳವಿರಲಿಲ್ಲ. ಈ ಲೇಖನ ಆ ವಿವರಣೆ.